ಅತ್ತೆಯ ಕಿವಿಯ ಹತ್ತಿ

ಅತ್ತೆಯ ಬಲಗಿವಿಯ ಮೇಲ್ಮಡಿಕೆಯಲ್ಲಿ ಯಾವಾಗಲೂ ತೊಗರಿಕಾಳಿನಷ್ಟು ಹತ್ತಿಯ ಉಂಡೆಯೊಂದು ಕೂತಿರುತ್ತಿತ್ತು. ಸೆರಗನ್ನು ಕಿವಿ ಮುಚ್ಚುವಂತೆ ಹೊದೆಯುತ್ತಿದ್ದಳಾದ್ದರಿಂದ ಅದು ಹೊರಗಿನವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅಪ್ಪಿತಪ್ಪಿ ಯಾರಾದರೂ ಕಂಡು ಕೇಳಿದರೆ, "ಕಿವಿ ನೋವು ಕಣ್ರೀ, ಗಾಳಿ ಓಗ್ಬಾರ್ದು ಅಂತ" ಅನ್ನುವಳು. ಸುಳ್ಳು, ಅಪ್ಪಟ ಸುಳ್ಳು! ಅದು ಅತ್ತರಿನ ಹತ್ತಿ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ನಮ್ಮದು ತಣಿಸಂದ್ರದ ಹಳೇ ಊರಿನ ಮನೆ. ಈಗ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಸೆಕ್ಯುರಿಟಿಯವನು ಕುರ್ಚಿ ಹಾಕಿಕೊಂಡು ಕೂರುತ್ತಾನಲ್ಲ, ಅಲ್ಲಿಂದ ಹಿಂದಕ್ಕೆ ಪೂರ್ತಿ ನಮ್ಮ ಹೂವಿನ ತೋಟವಿತ್ತು. ಮಲ್ಲಿಗೆ, ಕಾಕಡ, ಬದುವಿನುದ್ದಕ್ಕೂ ದವನ. ಅತ್ತೆಯನ್ನು ಮಾಕಳಿಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಅವಳ ಗಂಡ ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದರು. ತವರಿಗೆ ವಾಪಸು ಬಂದವಳು ಆಮೇಲೆ ಹೂವಿನ ಕೆಲಸಕ್ಕೇ ನಿಂತಳು. ನಸುಕಿನಲ್ಲಿ ಮೊಗ್ಗು ಬಿಡಿಸುವುದು, ಬಾಳೆನಾರು ನೆನೆಹಾಕುವುದು, ಕಟ್ಟುವುದು, ಮಾರ್ಕೆಟ್ಟಿಗೆ ಕಳಿಸುವುದು. ಅಷ್ಟು ಹೂ ಕಟ್ಟಿದ ಹೆಂಗಸು ಒಂದು ತುಂಡನ್ನೂ ತಾನು ಮುಡಿಯುವಂತಿರಲಿಲ್ಲ. ಗಂಡ ಸತ್ತವಳು ಮುಡಿಯಬಾರದು, ನಮ್ಮ ಕಡೆ ಹಾಗೆ. "ಹೂವಿನ ಜೊತೆ ನಾರೂ ಸ್ವರ್ಗಕ್ಕೋಯ್ತು ಅಂತಾರೆ. ಕಟ್ಟಿದ ಕೈ ಎಲ್ಲೋಯ್ತು ಅಂತ ಯಾರಾದ್ರೂ ಕೇಳವ್ರಾ?" ಎಂದು ನಗುನಗುತ್ತಲೇ ಹೇಳುತ್ತಿದ್ದಳು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ತೋಟ ಹೋಗಿ ಅಪಾರ್ಟ್‌ಮೆಂಟ್ ಎದ್ದಿತು. ಅತ್ತೆಯ ಕೈಗೆ ಕೆಲಸವಿಲ್ಲದಂತಾಯಿತು. ನಾನು ಆಗ ಡಿಗ್ರಿ ಮುಗಿಸಿ ಹೆಬ್ಬಾಳದಲ್ಲಿ ಕೆಲಸಕ್ಕೆ ಸೇರಿದ್ದೆ. ಒಂದು ಶನಿವಾರ ಇಬ್ಬರೂ ಆರ್.ಟಿ. ನಗರಕ್ಕೆ ಬ್ಲೌಸ್ ಪೀಸ್ ತರಲು ಹೋಗಿದ್ದೆವು. ನಡೆಯುತ್ತಿದ್ದವಳು ಒಂದು ಸಣ್ಣ ಅತ್ತರಿನ ಅಂಗಡಿಯ ಮುಂದೆ ಗಕ್ಕನೆ ನಿಂತುಬಿಟ್ಟಳು. ಅಂಗಡಿಯ ಸಾಬರು ಗಾಜಿನ ಕಡ್ಡಿಯಲ್ಲಿ ಅವಳ ಮುಂಗೈಗೆ ಒಂದು ಎಳೆ ಸವರಿದರು. ಅತ್ತೆ ಕಣ್ಣು ಮುಚ್ಚಿ ಮೂಸಿದಳು.

"ಸಾಬ್ರೇ, ಇದು ಅರಳಿದ್ದು. ನಂಗೆ ಮೊಗ್ಗಿಂದು ಕೊಡಿ."

"ಅಮ್ಮಾ, ಮೊಗ್ಗುಗೆ ವಾಸ್ನೆ ಎಲ್ಲಿ ಬರ್ತದೆ? ಅರಳಿದ್ರೇನೇ ಅಲ್ವಾ ಬರೋದು?"

"ನಾವು ಹೂವ ಬೆಳ್ದೋರು ಕಣ್ರೀ, ನಮಗೇ ಹೇಳ್ಕೊಡ್ತೀರಾ?" ಎಂದು ಅತ್ತೆ ಗದರಿಸಿದಳು. ಸಾಬರು ನಗುತ್ತ ಸೀಸೆ ಕಟ್ಟಿಕೊಟ್ಟರು. ಮಲ್ಲಿಗೆ ಅತ್ತರಿನ ಸಣ್ಣ ಸೀಸೆಯೊಂದು ಅವಳ ಸೊಂಟದ ಚೀಲ ಸೇರಿತು.

ಬಸ್ಸಿನಲ್ಲಿ ನಾನು ಮೆಲ್ಲಗೆ ಕೇಳಿದೆ. "ಅತ್ತೆ, ಮನೇಲಿ ಬೈಯಲ್ವಾ?"

"ಹೂವ ಮುಡೀಬಾರ್ದು ಅಂತ ಹೇಳವ್ರೆ. ವಾಸ್ನೆ ಹಚ್ಚಬಾರ್ದು ಅಂತ ಯಾವ ಮುಂಡೇವೂ ಹೇಳಿಲ್ಲ."

ಆವತ್ತಿನಿಂದ ಶುರುವಾಯಿತು ನೋಡಿ ನಮ್ಮಿಬ್ಬರ ಹುಚ್ಚು. ಸಂಬಳ ಬಂದಾಗಲೆಲ್ಲ ಒಂದು ಹೊಸ ಸೀಸೆ. ಹತ್ತಿ ಅವಳ ಕಿವಿಗೆ, ಹನಿ ನನ್ನ ಮಣಿಕಟ್ಟಿಗೆ. ಸಂಜೆ ನಾನು ಬಂದ ಮೇಲೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ಪಂಚಾಯ್ತಿ. ಒಂದೇ ಸೀಸೆಯ ಎಣ್ಣೆ ಇಬ್ಬರ ಮೈಯಲ್ಲಿ ಎರಡು ಥರ ಆಡುತ್ತಿತ್ತು. ಶ್ರೀಗಂಧ ಅವಳ ಮೈಯಲ್ಲಿ ಕಾಯಿಸಿದ ಹಾಲಿನ ಕೆನೆಯಂತೆ ನುಣ್ಣಗಾಗುತ್ತಿತ್ತು, ನನ್ನ ಕೈಯಲ್ಲಿ ಬರೀ ಚೂಪು ಮಾಡಿದ ಪೆನ್ಸಿಲ್ಲು! ಲಾವಂಚ ಹಚ್ಚಿದ ದಿನ ಬೆಳಿಗ್ಗೆ ಹೊಸ ಮಡಕೆಗೆ ನೀರು ಸುರಿದ ವಾಸನೆ. ಮಧ್ಯಾಹ್ನ ಬಿಸಿಲಿಗೆ ಅದು ಒಣಗಿ, ಬೇರು ಅಗಿದ ಹಾಗೆ ಒಗರು. ಸಂಜೆಗೆ ಕೊರಳಲ್ಲಿ ಏನೋ ತಣ್ಣಗಿದೆ ಅನ್ನಿಸುವಷ್ಟು ಮಾತ್ರ ಉಳಿದಿರುತ್ತಿತ್ತು. ಕೇದಗೆ ಮೊದಲು ಮೂಗಿಗೆ ಚುಚ್ಚುತ್ತದೆ, ಆಮೇಲೆ ಸಿಹಿ, ಎಷ್ಟು ಸಿಹಿಯೆಂದರೆ ಆಫೀಸಿನಲ್ಲಿ ಪಕ್ಕದ ಹುಡುಗಿ "ಏನೇ, ಪಾಯಸ ತಂದಿದ್ದೀಯಾ?" ಎಂದು ನನ್ನ ಬ್ಯಾಗಿಗೆ ಇಣುಕಿದಳು. ಗೋರಂಟಿಯ ಅತ್ತರು ಹಿನಾ ಹಚ್ಚಿದ ದಿನ ಕರ್ಪೂರ, ಜೀರಿಗೆ, ಹೊಗೆ, ನಾಟಿ ವೈದ್ಯರ ಪೆಟ್ಟಿಗೆ ಎಲ್ಲ ಒಟ್ಟಿಗೆ ಬಂದು ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಮುಂದಕ್ಕೆ ಹೋದರು. ಸಂಪಿಗೆ ತಲೆನೋವು. ದವನವಂತೂ ಬಲೇ ಕಿಲಾಡಿ. ಹಚ್ಚಿದ ಕೂಡಲೇ ಕಷಾಯದಂತೆ ಕಹಿ, ಸ್ವಲ್ಪ ಹೊತ್ತಿಗೆ ಹಣ್ಣಾದ ಹಲಸು, ಕೊನೆಗೆ ಹಸಿ ಹುಲ್ಲಿನ ಮೆದೆ. ಒಂದು ಹನಿಯೊಳಗೆ ಇಷ್ಟೆಲ್ಲ ಹೇಗೆ ಅಡಗಿ ಕೂತಿತ್ತು ಎಂದು ನನಗೆ ಇವತ್ತಿಗೂ ಬೆರಗು.

ಮಲ್ಲಿಗೆ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಮೊದಲಿಗೆ ತೊಟ್ಟು ಮುರಿದಾಗಿನ ಹಸಿರು ವಾಸನೆ, ಆಮೇಲೆ ಸಿಹಿ. ಮಧ್ಯಾಹ್ನ ಕಳೆಯುತ್ತಿದ್ದಂತೆ ಅದರೊಳಗಿಂದ ಭಾರವಾದದ್ದೊಂದು ಏಳುತ್ತಿತ್ತು. ಬೆವರಿನಂಥದ್ದು, ಕೊಳೆಯುವುದಕ್ಕೆ ಮುಂಚಿನದು. ನನಗೆ ಕುತೂಹಲ, ಅದು ಎಲ್ಲಿಗೆ ಹೋಗುತ್ತದೋ ನೋಡೋಣವೆಂದು. ಅತ್ತೆ ಬಿಡುತ್ತಿರಲಿಲ್ಲ. "ಬಾಡಿದ ವಾಸ್ನೆ ಬಂತು, ತೊಳ್ಕೋ ಓಗು" ಎನ್ನುವಳು. ತನ್ನ ಕಿವಿಯ ಹತ್ತಿಯನ್ನೂ ಕಿತ್ತು ಎಸೆಯುವಳು. ಬಾಡಿದ್ದಕ್ಕೆ ಬೆಲೆಯಿಲ್ಲವೆಂಬುದು ಹೂವಿನವರ ರಕ್ತದಲ್ಲೇ ಇರುತ್ತದೆ. ಮೊಗ್ಗು ಅರಳುವ ಮುಂಚೆ ಮನೆ ಬಿಡಬೇಕು, ಉಳಿದದ್ದು ತಿಪ್ಪೆಗೆ.

ಎಲ್ಲ ಸೀಸೆಗೂ ಅವಳ ತೀರ್ಪು ಒಂದೇ. "ಚೆನ್ನಾಗೈತೆ. ಆದ್ರೆ ಇದಲ್ಲ."

ನನಗೆ ಮೊದಲಿನಿಂದಲೂ ಎಲ್ಲದಕ್ಕೂ ಮೂಗು ತೂರಿಸುವ ಚಟ. ಒಂದು ಸಂಜೆ ಹಿಡಿದು ಕೂರಿಸಿ ಕೇಳಿಯೇಬಿಟ್ಟೆ. "ಇದಲ್ಲ ಅಂದ್ರೆ ಯಾವ್ದು? ಏನ್ ಹುಡುಕ್ತಾ ಇದ್ದೀಯ ನೀನು?"

ಅವಳು ಲೋಟದ ತಳದ ಕಾಫಿಯನ್ನು ಕುಡಿದು ಲೋಟ ಕೆಳಗಿಟ್ಟಳು. "ನನ್ ಮದ್ವೇಲಿ ಮೊಗ್ಗಿನ ಜಡೆ ಹಾಕಿದ್ರು. ಅದರದ್ದೊಂದು ವಾಸ್ನೆ. ಅವರು ಅಂದ್ರೆ ನಂಗೆ ಆ ವಾಸ್ನೆನೇ. ಮುಖ ಫೋಟೋದಾಗೈತೆ, ಬೇಕಾದಾಗ ನೋಡ್ಬೋದು. ವಾಸ್ನೆ ಎಲ್ಲೈತೆ? ಮರ್ತೋಗ್ತಾ ಐತೆ ಕಣೇ. ಮರ್ತೋದ್ರೆ ಅವರು ಪೂರ್ತಿ ಓದಂಗೆ."

ಅತ್ತೆ ಅಳುವವಳಲ್ಲ. ಆವತ್ತೂ ಅಳಲಿಲ್ಲ. ಅತ್ತದ್ದು ನಾನು.

ಆಮೇಲೆ ನಮ್ಮ ಹುಡುಕಾಟಕ್ಕೆ ಒಂದು ಗುರಿ ಬಂತು. ಆ ವರ್ಷದ ಗೌರಿಹಬ್ಬಕ್ಕೆ ಅತ್ತೆ ಮಲ್ಲಿಗೆಯ ಹತ್ತಿಯನ್ನು ಸ್ವಲ್ಪ ಧಾರಾಳವಾಗಿಯೇ ಅದ್ದಿಟ್ಟುಕೊಂಡಿದ್ದಳು. ಮನೆ ತುಂಬ ಬಾಗಿನಕ್ಕೆ ಬಂದ ಮುತ್ತೈದೆಯರು. ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ, ಮನೆಯ ಯಜಮಾನಿ. ಶಾಸ್ತ್ರವೆಂದರೆ ಶಾಸ್ತ್ರ, ಅವಳ ಮಾತಿಗೆ ಎರಡಿಲ್ಲ. ಅವಳು ಇದ್ದಕ್ಕಿದ್ದಂತೆ ಮೂಗರಳಿಸಿದಳು.

"ಯಾರೇ ಮಲ್ಲಿಗೆ ಮುಡ್ದಿರೋದು? ಮನೆಗೆ ತಂದಿರೋದು ಸೇವಂತಿಗೆ ಅಲ್ವಾ?"

ಒಬ್ಬೊಬ್ಬರ ತುರುಬನ್ನೂ ಮೂಸುತ್ತ ಬಂದಳು. ಅಡುಗೆಮನೆ ಬಾಗಿಲಲ್ಲಿದ್ದ ಅತ್ತೆಯ ಹತ್ತಿರ ಬಂದು ನಿಂತು, ಸೆರಗನ್ನೇ ಸರಕ್ಕನೆ ಎಳೆದಳು. ತುರುಬಿನೊಳಗೆ ಬೆರಳು ಹಾಕಿ ಹುಡುಕಿದಳು. ಒಂದು ಎಸಳೂ ಇಲ್ಲ.

"ನನ್ ಕಿವಿ ಮೇಲೆ ಹೂವ ಇಡ್ತೀಯೇನೇ?"

"ಅಯ್ಯೋ, ನಿಮ್ ಕಿವಿಗೆ ಯಾಕಿಡ್ಲಿ ಅತ್ತಿಗೆ?" ಎಂದಳು ಅತ್ತೆ, ಮುಖದಲ್ಲಿ ಗೆರೆಯೂ ಅಲುಗದಂತೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. "ಕಿವಿ ನೋವು ಇನ್ನೂ ವಾಸಿ ಆಗಿಲ್ವಾ?" ಎಂದು ಕೇಳಿ, ಸೆರಗು ಬಿಟ್ಟು ಹೋದಳು. ನಾವಿಬ್ಬರೂ ಹಿತ್ತಲಿಗೆ ಓಡಿ, ಮುದುಕಿಯ ಕಣ್ಣಿಗೆ ಮಣ್ಣೆರಚಿದೆವೆಂದು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನನ್ನ ಮದುವೆಯಾಗಿ ವಿದ್ಯಾರಣ್ಯಪುರಕ್ಕೆ ಹೋದೆ. ಚೊಚ್ಚಲ ಬಸುರಿಯಾಗಿದ್ದಾಗ ನನ್ನ ಮೂಗಿಗೆ ಏನಾಗಿತ್ತೋ, ಎದುರು ಮನೆಯಲ್ಲಿ ಒಗ್ಗರಣೆ ಹಾಕಿದರೆ ಸಾಸಿವೆಯೋ ಜೀರಿಗೆಯೋ ಎಂದು ಹೇಳಬಲ್ಲವಳಾಗಿದ್ದೆ. ಅತ್ತೆಗೆ ಪರಮ ಸಂತೋಷ. "ಈಗ ನಿನ್ ಮೂಗು ಸರಿಯಾಗೈತೆ" ಎಂದು ಸೀಸೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಬಂದಳು. ಹಿನಾ ಮುಚ್ಚಳ ತೆಗೆದದ್ದೇ ತಡ, ನಾನು ಬಚ್ಚಲಿಗೆ ಓಡಿದೆ. ಹುಡುಕಾಟ ಅಲ್ಲಿಗೆ ನಿಂತಿತು.

ಐದನೇ ತಿಂಗಳಲ್ಲಿ ತವರಿನಲ್ಲಿ ನನಗೆ ಹೂ ಮುಡಿಸುವ ಶಾಸ್ತ್ರ. ಮುತ್ತೈದೆಯರು ಬಂದು ಬಸುರಿಯ ತಲೆಗೆ ಹೂವಿಡಬೇಕು. ಅತ್ತೆ ಎದುರಿಗೆ ಬರಬಾರದೆಂದು ದೊಡ್ಡಮ್ಮ ಮೊದಲೇ ಹೇಳಿದ್ದಳು. ನಾನು ರಂಪ ಮಾಡಿದೆ. ಅತ್ತೆ ಬರದಿದ್ದರೆ ಶಾಸ್ತ್ರವೇ ಬೇಡ ಎಂದೆ. ಅತ್ತೆಯೇ ನನ್ನ ಬಾಯಿ ಮುಚ್ಚಿಸಿದಳು. "ಸುಮ್ನಿರು ತಾಯಿ. ಇಡೋದು ಯಾರಾದ್ರೂ ಇಡ್ಲಿ. ಜಡೆ ಕಟ್ಟೋದು ನಾನಲ್ವಾ?"

ಕಟ್ಟಿದಳು. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬೆಳಿಗ್ಗೆಯೆಲ್ಲ ಕೂತು, ಒಂದೊಂದೇ ಮಲ್ಲಿಗೆ ಮೊಗ್ಗು ಪೋಣಿಸಿ, ನಡುನಡುವೆ ಕನಕಾಂಬರ, ಅಂಚಿಗೆ ದವನ. ಅಂಥ ಜಡೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ಹಾಲ್‌ನಲ್ಲಿ ಎಲ್ಲರೂ ಹೊಗಳುವಾಗ ಅವಳು ಅಡುಗೆಮನೆಯಲ್ಲಿ ಚಿತ್ರಾನ್ನ ಕಲೆಸುತ್ತಿದ್ದಳು.

ಆರತಿ, ಊಟ ಎಲ್ಲ ಮುಗಿಯುವಷ್ಟರಲ್ಲಿ ನಾನು ಸೋತು ಸುಣ್ಣವಾಗಿದ್ದೆ. ಜಡೆಯನ್ನೂ ಬಿಚ್ಚದೆ ಮಲಗಿಬಿಟ್ಟೆ. ಮಾರನೇ ಬೆಳಿಗ್ಗೆ ಅತ್ತೆ ಬಂದು, "ಏಳೇ, ದಿಂಬೆಲ್ಲ ಹೂವ ಮಾಡಿದ್ದೀಯ" ಎಂದು ಬೈಯುತ್ತ ಹಿಂದೆ ಕೂತು ಪಿನ್ನು ತೆಗೆಯತೊಡಗಿದಳು. ಮೊಗ್ಗುಗಳು ರಾತ್ರಿಯಲ್ಲೇ ಅರಳಿ, ತಲೆಯ ಶಾಖಕ್ಕೆ ಬಾಡಿ, ಕಂದಾಗಿದ್ದವು. ಕೊಬ್ಬರಿ ಎಣ್ಣೆ, ಬೆವರು, ದವನ ಎಲ್ಲ ಸೇರಿ ಗವ್ವೆನ್ನುತ್ತಿತ್ತು. ಪಿನ್ನು ತೆಗೆಯುತ್ತಿದ್ದ ಕೈ ನಿಂತಿತು. ಏನಾಯಿತೆಂದು ತಿರುಗಲು ಹೋದೆ.

"ತಿರುಗ್ಬೇಡ. ಅಲುಗ್ಬೇಡ" ಎಂದಳು. ಅವಳ ಮುಖ ಪೂರ್ತಿ ನನ್ನ ಜಡೆಯೊಳಗಿತ್ತು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

"ಇದೇ ಕಣೇ. ಇದೇ."

ಆಮೇಲೆ ಹೇಳಿದಳು. "ಮದ್ವೆ ಆದ ಮಾರನೇ ದಿನ ಬೆಳಿಗ್ಗೆ ನನ್ ಜಡೆ ಬಿಚ್ಚಿದ್ದು ಅವರು. ಹೆಂಗಸ್ರು ಪಿನ್ನ ಬಾಯಲ್ಲಿ ಕಚ್ಕೊಳೋದು ನೋಡಿದ್ರಲ್ಲ, ಅಂಗೇ ತಾವೂ ಬಾಯ್ತುಂಬ ಪಿನ್ನು ಇಟ್ಕೊಂಡಿದ್ರು. ಒಂದು ಮಾತಾಡಕ್ಕಾಗ್ಲಿಲ್ಲ. ಬರೀ ಊಂ, ಊಂ. ನಾನು ನಕ್ಕಿದ್ದೇ ನಕ್ಕಿದ್ದು." ಹೇಳುತ್ತ ಈಗಲೂ ನಕ್ಕಳು, ನಗುತ್ತಲೇ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನಾನೊಬ್ಬಳು ಪೆದ್ದಿ. ಮೊಗ್ಗು ಮೊಗ್ಗು ಅಂತ ತಾಜಾದ್ರಾಗೆ ಹುಡುಕ್ತಿದ್ದೆ. ಇದು ಬಾಡಿದ್ರಾಗಿತ್ತು. ದಿನಾ ಕಿತ್ತೆಸೀತಿದ್ನಲ್ಲೇ!"

ಅಂದಿನಿಂದ ಅವಳು ಮಲ್ಲಿಗೆಯ ಹತ್ತಿಯನ್ನು ಎಸೆಯಲಿಲ್ಲ. ಮಲ್ಲಿಗೆ ಅತ್ತರಿಗೆ ಚೂರು ದವನ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬೆರೆಸಿ, ಹತ್ತಿಯನ್ನು ಅದ್ದಿ ಒಂದು ದಿನ ಹಾಗೇ ಬಿಟ್ಟು, ಮಾರನೇ ದಿನ ಕಿವಿಗಿಡುತ್ತಿದ್ದಳು. "ಅರ್ಧ ಬಂತು. ಅಷ್ಟು ಸಾಕು, ಇನ್ನರ್ಧ ನಂಗೆ ಗೊತ್ತಲ್ಲ" ಎನ್ನುವಳು. ಬೇರೆ ಸೀಸೆಗಳನ್ನೆಲ್ಲ ನನಗೆ ಕೊಟ್ಟುಬಿಟ್ಟಳು. ಇವತ್ತಿಗೂ ನಾನು ಯಾವುದಾದರೂ ಅತ್ತರು ಹಚ್ಚಿದರೆ ಮೊದಲ ವಾಸನೆಗೆ ಮರುಳಾಗುವುದಿಲ್ಲ, ಸಂಜೆಯವರೆಗೆ ಕಾಯುತ್ತೇನೆ. ಅದು ಅವಳಿಂದ ಬಂದ ಬುದ್ಧಿ.

ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಬೆಳಿಗ್ಗೆ ಎದೆ ನೋವೆಂದಳಂತೆ, ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಹೋದಾಗ ಹಾಲ್‌ನಲ್ಲಿ ಮಲಗಿಸಿದ್ದರು. ಬಂದವರೆಲ್ಲ ಹಾರ ಹಾಕಿ ಮೈತುಂಬ ಹೂವು. ಬದುಕಿದ್ದಾಗ ಒಂದೆಸಳಿಗೂ ಗತಿಯಿರಲಿಲ್ಲ, ಈಗ ನೋಡಿ! ನನಗೆ ಎಲ್ಲರ ಮೇಲೂ ಕೆಂಡದಂಥ ಕೋಪ. ತಲೆಯ ಬಳಿ ಕೂತಿದ್ದ ದೊಡ್ಡಮ್ಮ, "ಮೂಗಿಗಿಡಕ್ಕೆ ಹತ್ತಿ ತಗೊಂಡ್ಬಾರೇ" ಎಂದಳು.

ಅತ್ತೆಯ ಕೋಣೆಗೆ ಹೋದೆ. ಹತ್ತಿ ಕಿಟಕಿಯ ಮೇಲಿತ್ತು. ಪಕ್ಕದ ಬಟ್ಟಲಲ್ಲಿ ಹಿಂದಿನ ದಿನ ಅದ್ದಿಟ್ಟ ಉಂಡೆಯೊಂದು, ಆವತ್ತಿನ ಪಾಲಿನದು, ಹಾಗೇ ಕೂತಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ದೊಡ್ಡಮ್ಮನಿಗೆ ಬಿಳಿ ಹತ್ತಿ ಕೊಟ್ಟು, ಇನ್ನೊಂದು ಪಕ್ಕದಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಅತ್ತೆಯ ಸೆರಗಿನೊಳಗೆ ಕೈ ಹಾಕಿದೆ. ವಾಸನೆ ಸುಮ್ಮನಿರುತ್ತದೆಯೇ? ದೊಡ್ಡಮ್ಮ ಗಪ್ಪನೆ ನನ್ನ ಮಣಿಕಟ್ಟು ಹಿಡಿದಳು. ಏನಾದರೂ ಅನ್ನಲಿ, ಇವತ್ತು ಬಿಡುವುದಿಲ್ಲವೆಂದು ನಾನೂ ಹಲ್ಲು ಕಚ್ಚಿದೆ.

"ಆ ಕಿವಿಗಲ್ಲ ಕಣೇ," ಎಂದಳು ದೊಡ್ಡಮ್ಮ, ನನಗಷ್ಟೇ ಕೇಳುವಂತೆ. "ಅವಳು ಇಟ್ಕೊಂತಿದ್ದದ್ದು ಬಲಗಡೆಗೆ."

ಅತ್ತೆಯ ತಲೆಯನ್ನು ಮೆಲ್ಲಗೆ ಎತ್ತಿ ನನ್ನ ಕಡೆ ತಿರುಗಿಸಿ ಹಿಡಿದಳು. ನಾನು ಬಲಗಿವಿಯ ಮಡಿಕೆಯಲ್ಲಿ ಹತ್ತಿಯಿಟ್ಟೆ. ದೊಡ್ಡಮ್ಮ ಅದು ಯಾರಿಗೂ ಕಾಣದ ಹಾಗೆ ಸೆರಗು ಎಳೆದು ಮುಚ್ಚಿದಳು.