ಅಲಂಕಾರದ ಸಾಲಿಗೆ ಸೇರಿದ ಪ್ರಶ್ನೆ

ರೋಮಿನಿಂದ ಸೂಚನೆ ಬಂದಿದೆ, ಈ ಸಲ ಭಕ್ತಾದಿಗಳೆಲ್ಲರ ಮಾತನ್ನೂ ಕೇಳಬೇಕಂತೆ ಎಂದು ಫಾದರ್ ಭಾನುವಾರದ ಪೂಜೆಯ ಕೊನೆಗೆ ಹೇಳಿದಾಗ ನಾನು ನಂಬಿದೆ. ಇಪ್ಪತ್ತೆರಡು ವರ್ಷ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಮಾಡಿದವಳಿಗೆ ಅಷ್ಟಾದರೂ ತಿಳಿಯಬೇಕಿತ್ತು.

ನಮ್ಮದು ನಾವುಂದದ ಹತ್ತಿರದ ಸಣ್ಣ ಇಗರ್ಜಿ. ಅದಕ್ಕೆಂದು ಫಾದರ್ ಕರೆದ ಸಭೆಯ ಟಿಪ್ಪಣಿ ಬರೆಯುವ ಕೆಲಸ, ಅಕ್ಷರ ಚೆನ್ನಾಗಿದೆಯೆಂದು, ನನ್ನ ತಲೆಗೇ ಬಂತು. ಮೈಕು, ಗಾಯನ ಮಂಡಳಿ, ಸ್ಮಶಾನದ ಗೋಡೆಯ ಮಾತೆಲ್ಲ ಮುಗಿದ ಮೇಲೆ ಪೆನ್ನು ಕೆಳಗಿಟ್ಟು ಕೇಳಿದೆ, ಹೆಂಗಸರೂ ಪಾದ್ರಿಗಳಾಗಲು ಯಾಜಕ ದೀಕ್ಷೆ ಯಾಕಿಲ್ಲ ಎಂದು.

ಫಾದರ್ ಕೆಟ್ಟವರಲ್ಲ. ನನ್ನ ಮಗನ ವಯಸ್ಸು, ಓದಿದವರು. ಯೇಸು ಆರಿಸಿದ ಹನ್ನೆರಡು ಮಂದಿಯೂ ಗಂಡಸರು, ಅದನ್ನು ಬದಲಿಸುವ ಅಧಿಕಾರ ಧರ್ಮಸಭೆಗೇ ಇಲ್ಲ ಎಂದರು. ಆ ಹನ್ನೆರಡು ಮಂದಿಯೂ ಯೆಹೂದ್ಯರಾಗಿದ್ದರು, ಅವರಲ್ಲಿ ಕೆಲವರು ಮೀನು ಹಿಡಿಯುವವರು. ನೀವು ಎರಡೂ ಅಲ್ಲವಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಲಿಪೀಠದಲ್ಲಿ ಯಾಜಕ ನಿಲ್ಲುವುದು ಕ್ರಿಸ್ತನ ಸ್ಥಾನದಲ್ಲಿ, ಕ್ರಿಸ್ತ ಪುರುಷ ಎಂದರು ಫಾದರ್. ಯೇಸು ಸತ್ತು ಎದ್ದುಬಂದ ಸುದ್ದಿಯನ್ನು ಆ ಶಿಷ್ಯರಿಗೇ ಮುಟ್ಟಿಸಿದ್ದು ಮಗ್ದಲದ ಮರಿಯಳಲ್ಲವೇ ಎಂದೆ. ಅದು ಸಾಕ್ಷಿ, ದೀಕ್ಷೆಯಲ್ಲ ಎಂದರು. ಕೊನೆಗೆ, "ಟೀಚರ್, ಈ ವಿಷಯ ಮುಗಿದುಹೋಗಿದೆ" ಎಂದರು.

"ಮುಗಿದದ್ದಾದರೆ ನಮ್ಮನ್ನು ಕೇಳಿದ್ದು ಯಾಕೆ ಫಾದರ್?"

ಅದಕ್ಕೆ ಉತ್ತರ ಚಹಾ ಬಿಸ್ಕತ್ತು.

ಎರಡು ವಾರದ ಮೇಲೆ ಟೈಪು ಮಾಡಿದ ವರದಿ ಸಹಿಗೆ ಬಂತು. ನನ್ನ ನಾಲ್ಕು ಪುಟದ ಟಿಪ್ಪಣಿ ಅರ್ಧ ಪುಟವಾಗಿತ್ತು. ನನ್ನ ಪ್ರಶ್ನೆ ಇದ್ದ ಜಾಗದಲ್ಲಿ, ‘ಬಲಿಪೀಠದ ಅಲಂಕಾರದಲ್ಲಿ ಮಹಿಳೆಯರು ಇನ್ನೂ ಹೆಚ್ಚು ಪಾಲ್ಗೊಳ್ಳಲು ಬಯಸುತ್ತಾರೆ’ ಎಂದಿತ್ತು. ಹೂವಿನ ಕೆಲಸ ಸಾಕಾಗಿ ಬಿಟ್ಟವಳು ನಾನು! ಸಹಿ ಹಾಕುವುದಿಲ್ಲ ಎಂದು ಎದ್ದುಬಂದೆ.

ಮರುದಿನ ಮೀನು ತಂದ ಹೆಂಗಸು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಬಂಗುಡೆ ಆರಿಸುತ್ತಲೇ, "ನಮ್ಮಲ್ಲೂ ಹೆಂಗ್ಸ್ರ್ ಗರ್ಭಗುಡಿಗ್ ಹೋಪಂಗಿಲ್ಲೆ. ಆದ್ರ್ ನಮ್ಮತ್ರ ಯಾರೂ ಅಭಿಪ್ರಾಯ ಕೇಳುಕ್ ಬತ್ತಿಲ್ಲೆ ಕಾಣಿ" ಎಂದಳು. ಸಮಾಧಾನ ಹೇಳಿದಳೋ ಚುಚ್ಚಿದಳೋ, ನನಗೆ ಮಾತ್ರ ಇನ್ನಷ್ಟು ಉರಿಯಿತು.

ಆ ಉರಿಯಲ್ಲೇ ಕುಂದಾಪುರದಲ್ಲಿ ಬಸ್ಸು ಬದಲಾಯಿಸಿ, ಸಾಸ್ತಾನದ ಟೋಲ್ ದಾಟಿ, ಬ್ರಹ್ಮಾವರದ ಕಾನ್ವೆಂಟಿಗೆ ಹೋದೆ. ಅಲ್ಲಿ ನನ್ನ ತಾಯಿಯ ತಂಗಿ, ನನ್ನ ಮಾವ್ಶಿ ಇದ್ದಾರೆ. ಸನ್ಯಾಸಿನಿ, ಎಂಬತ್ತು ದಾಟಿದವರು. ನಲವತ್ತು ವರ್ಷ ಉತ್ತರ ಭಾರತದ ಒಂದು ಕಾಡುಹಳ್ಳಿಯಲ್ಲಿ ನರ್ಸಾಗಿದ್ದವರು. ನನ್ನ ಕೂಗಾಟವನ್ನೆಲ್ಲ ಕೇಳಿ, ಯಾವತ್ತೂ ಹೇಳದ ಒಂದು ಸಂಗತಿ ಹೇಳಿದರು.

ಆ ಹಳ್ಳಿಗೆ ಯಾಜಕರು ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಹೆರಿಗೆಯಲ್ಲಿ ಸಾಯುತ್ತಿದ್ದ ಒಬ್ಬಳು ಮಾವ್ಶಿಯ ಕೈ ಹಿಡಿದು ತನ್ನ ಪಾಪಗಳನ್ನೆಲ್ಲ ಹೇಳಿಕೊಂಡಳಂತೆ. ಆಮೇಲೆ ಯಾಜಕರಷ್ಟೇ ಹೇಳಬಹುದಾದ ಕ್ಷಮೆಯ ಮಾತಿಗಾಗಿ ಕಾದಳಂತೆ.

"ಆ ಮಾತು ನನಗೆ ಬಾಯಿಪಾಠ ಇತ್ತು," ಎಂದರು ಮಾವ್ಶಿ ಕೊಂಕಣಿಯಲ್ಲಿ. "ಹೇಳುವ ಅಧಿಕಾರ ಇರಲಿಲ್ಲ. ಹೇಳಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತ ಪ್ರಾಣ ಬಿಟ್ಟಳು."

ದೇವರು ಅವಳನ್ನು ಕೈಬಿಟ್ಟಿರಲಾರ ಎಂದು ನಾನು ಏನೋ ತಡವರಿಸಿದೆ. ಅದು ತನಗೂ ಗೊತ್ತು, ಆದರೆ ಅವಳಿಗೆ ಗೊತ್ತಾಯಿತೇ ಎಂದು ಕೇಳಿದರು.

ಇದನ್ನೂ ಬರೆ ಎಂದರು. ಅವರು ಹೇಳಿದರು, ನಾನು ಬರೆದೆ. ಕೆಳಗೆ ಅವರೇ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ನನ್ನ ನಾಲ್ಕು ಪುಟಗಳ ಜೊತೆ ಅದನ್ನು ನೇರವಾಗಿ ಬಿಷಪರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ.

ಮೂರು ತಿಂಗಳ ಮೇಲೆ ಬಿಷಪರ ಕಚೇರಿಯಿಂದ ಅಚ್ಚು ಹಾಕಿದ ಕಾಗದ ಬಂತು: ನಿಮ್ಮ ಸಕ್ರಿಯ ಭಾಗವಹಿಸುವಿಕೆಗೆ ಧನ್ಯವಾದಗಳು. ಹೆಸರಿನ ಜಾಗದಲ್ಲಿ ಚುಕ್ಕಿಗಳ ಸಾಲು ಹಾಗೇ ಉಳಿದಿತ್ತು. ಒಯ್ದು ಮಾವ್ಶಿಗೆ ಕೊಟ್ಟೆ. ಎರಡು ಸಲ ಓದಿದರು. ಹಿಂದೆ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು, ಇನ್ನೊಂದು ಹಾಳೆ ತೆಗೆ ಎಂದರು.