ಕೆಂಪು ಚೌಕಗಳ ಅಂಚು

ನಮ್ಮ ಬೀದಿಯಲ್ಲಿ ಫುಟ್ಬಾಲ್ ತಿಳಿದವನು ನಾನೊಬ್ಬನೇ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ ಅಂಥ ನಂಬಿಕೆಗೆ ಪೈಪೋಟಿ ಕಡಿಮೆ, ಮಿಕ್ಕವರೆಲ್ಲ ಕ್ರಿಕೆಟ್ಟಿನವರು. ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿಕೊಡುವುದು ನನ್ನ ಕಸುಬು. ಒಂದು ಚೌಕಕ್ಕೆ ಒಂದು ಎಳೆ. ಹಾಳೆಯಲ್ಲಿ ಒಂದು ಚೌಕ ತಪ್ಪಿದರೆ ಸೀರೆಯ ಉದ್ದಕ್ಕೂ ಆ ತಪ್ಪು ಬಂದೇ ಬರುತ್ತದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಕಣ್ಣು ಮೊದಲು ತಪ್ಪಿನ ಮೇಲೇ ಬೀಳುತ್ತದೆ. ಮದುವೆ ಮನೆಗೆ ಹೋದರೂ ಅಷ್ಟೆ, ಹೆಂಗಸರ ಸೀರೆಗಳಲ್ಲಿ ಎಳೆ ಬಿಟ್ಟಿದ್ದು ಕಂಡು ನನ್ನ ಹೆಂಡತಿಗೆ ಹೇಳಿ ಬೈಸಿಕೊಂಡಿದ್ದೇನೆ.

ಸಂಜೆ ಆಟವಿದ್ದ ದಿನ ಬಸ್ ನಿಲ್ದಾಣದ ಹಿಂದಿನ ಟೀ ಅಂಗಡಿಯಲ್ಲಿ ನಾವು ನಾಲ್ಕೈದು ಜನ ಸೇರುತ್ತಿದ್ದೆವು. ಟಿವಿ ಅಂಗಡಿಯವನದು, ರಿಮೋಟು ನನ್ನದು. ಯಳಂದೂರಿನಿಂದ ಒಬ್ಬ ಮೇಷ್ಟ್ರು ಬರುತ್ತಿದ್ದರು. ಸತ್ತೇಗಾಲದ ಕಬ್ಬಿನ ಗದ್ದೆಯವನೊಬ್ಬ ಕೊನೆಯ ಬಸ್ಸಿನ ಮೇಲೆ ಒಂದು ಕಣ್ಣಿಟ್ಟುಕೊಂಡೇ ಆಟ ನೋಡುತ್ತಿದ್ದ. ಬೆಂಗಳೂರಿನ ತಂಡ ನಮ್ಮದು. ನಮ್ಮದು ಎಂದು ಅವರಿಗೇನೂ ಗೊತ್ತಿರಲಿಲ್ಲ, ಆದರೂ ನಾವು ಯಾವ ಆಟಗಾರ ಬೇಕು, ಯಾರನ್ನು ಬಿಡಬೇಕು ಎಂದು ಪ್ರತಿ ವಾರ ತೀರ್ಮಾನ ಮಾಡಿಕೊಡುತ್ತಿದ್ದೆವು.

ಆ ಸೀಸನ್ನಿನಲ್ಲಿ ತಂಡ ಯಾರೂ ಎಣಿಸದಷ್ಟು ಚೆನ್ನಾಗಿ ಆಡಿತು. ಹಿಂದಿನ ಸಲ ಪಟ್ಟಿಯ ತಳದಲ್ಲಿ ಬಿದ್ದಿದ್ದವರು ಈಗ ಸೆಮಿಫೈನಲ್ ಬಾಗಿಲಿಗೆ ಬಂದಿದ್ದರು. ಗೆಲ್ಲುವ ತಂಡದ ಅಭಿಮಾನಿಗಳಿಗೆ ಬರುವ ಸೊಕ್ಕು ನಮಗೂ ಬಂತು. ಎತ್ತರದ ಸ್ಟ್ರೈಕರ್ ಒಬ್ಬ ಬೇಕು ಎಂದು ಮೇಷ್ಟ್ರು. ಸ್ಟ್ರೈಕರ್ ಸಾಕು, ಮಧ್ಯದಲ್ಲಿ ಚೆಂಡನ್ನು ಹಿಡಿದು ನಿಲ್ಲಿಸುವವನು ಬೇಕು ಎಂದು ಸತ್ತೇಗಾಲದವನು. ಗೋಲ್‌ಕೀಪರಿಗೆ ವಯಸ್ಸಾಯಿತು ಎಂದು ಟೀ ಸೋಸುತ್ತಲೇ ಅಂಗಡಿಯವನು. ಈ ಮಾತು ಎಲ್ಲಿ ಶುರುವಾದರೂ ಕೊನೆಗೆ ತಂಡದ ಎಡಬದಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಎಲ್ಲರೂ ದನಿ ತಗ್ಗಿಸುತ್ತಿದ್ದರು.

ಏಕೆಂದರೆ ಎಡಬದಿಯ ಡಿಫೆಂಡರ್ ನಮ್ಮ ಬೀದಿಯವನು. ನಮ್ಮ ಮನೆಯಿಂದ ನಾಲ್ಕನೆಯ ಮನೆ. ಅವನ ತಾಯಿ ನಮ್ಮ ಬೀದಿಯ ಮಗ್ಗಗಳಿಗೆಲ್ಲ ಕಂಡಿಕೆ ಸುತ್ತಿಕೊಡುವವಳು. ಮಗ್ಗದ ಲಾಳಿಯಲ್ಲಿ ಕೂರುವ ರೇಷ್ಮೆ ನೂಲಿನ ಆ ಸಣ್ಣ ಉರುಳೆಗಳನ್ನು ರಾಟೆಯಲ್ಲಿ ಸುತ್ತುತ್ತ ಗಂಡನಿಲ್ಲದ ಸಂಸಾರ ಸಾಗಿಸಿದವಳು. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ತವರು ಹನೂರಿನಾಚೆ, ಗಡಿಯ ಹತ್ತಿರದ ಊರು. ಸಿಟ್ಟು ಬಂದರೆ ಅವಳ ಬಾಯಲ್ಲಿ ತಮಿಳು ಬರುತ್ತದೆ. ಮಗ ನನ್ನನ್ನು ಮಾವ ಎನ್ನುತ್ತಾನೆ. ಅವನು ಸ್ಪೋರ್ಟ್ಸ್ ಹಾಸ್ಟೆಲಿಗೆ ಸೇರುವಾಗ ಅರ್ಜಿ ತುಂಬಿಕೊಟ್ಟವನು ನಾನು. ತಂಡಕ್ಕೆ ಆಯ್ಕೆಯಾದಾಗ ಬೀದಿಗೆಲ್ಲ ಸಿಹಿ ಹಂಚಿದವನೂ ನಾನೇ.

ಆದರೆ ಆ ಸೀಸನ್ನಿನಲ್ಲಿ ಅವನ ಆಟ ಕುಸಿದಿತ್ತು. ಮೊಣಕಾಲಿನ ನೋವಿನಿಂದ ಎದ್ದು ಬಂದ ಮೇಲೆ ತಿರುಗುವುದು ನಿಧಾನವಾಗಿತ್ತು, ಎದುರಾಳಿಗಳು ಅದನ್ನು ಕಂಡುಕೊಂಡು ಅದೇ ಕಡೆಯಿಂದ ನುಗ್ಗುತ್ತಿದ್ದರು. ಟೀ ಅಂಗಡಿಯಲ್ಲಿ ಮಾತ್ರ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ಹೈದ, ಸುಧಾರಿಸಿಕೊಳ್ಳುತ್ತಾನೆ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಟಕ್ಕೆ ಊರು ಕೇರಿ ಯಾವುದು, ಇವರಿಗೆ ಆಟವೂ ಗೊತ್ತಿಲ್ಲ, ಧೈರ್ಯವೂ ಇಲ್ಲ ಎಂದುಕೊಳ್ಳುತ್ತಿದ್ದೆ. ನನ್ನ ಧೈರ್ಯ ಎಂಥದ್ದೆಂದರೆ, ಅಂಗಡಿಯಲ್ಲಿ ನಾನೂ ಅವರ ಜೊತೆ ತಲೆಯಾಡಿಸಿ ಬರುತ್ತಿದ್ದೆ.

ಮನೆಗೆ ಬಂದು ಒಂದು ಗ್ರಾಫ್ ಹಾಳೆ ತೆಗೆದೆ. ಹಾಳೆಯನ್ನೇ ಮೈದಾನವೆಂದು ಲೆಕ್ಕಹಾಕಿ, ಅವನು ಎಲ್ಲೆಲ್ಲಿ ತಪ್ಪಿದ್ದನೋ ಅಲ್ಲಲ್ಲಿ ಸ್ಕೆಚ್ ಪೆನ್ನಿನಿಂದ ಒಂದೊಂದು ಚೌಕ ಕೆಂಪು ಮಾಡಿದೆ. ಮೊಬೈಲಿನಲ್ಲಿ ಹಳೆಯ ಆಟಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಬಿಡಿಸಿದ್ದು. ಒಂದು ವಾರದ ಸಂಜೆಗಳನ್ನು ಇದಕ್ಕೆ ಕೊಟ್ಟೆ. ಕೈಯಲ್ಲಿದ್ದ ಸೆರಗಿನ ಕೆಲಸ ಹಿಂದೆ ಬಿತ್ತು. ಎಡಗಡೆಯ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಂಪು ತುಂಬಿತು. ಅವನು ತಡೆದ ಚೆಂಡುಗಳೂ ಇದ್ದವು, ಕೊಟ್ಟ ಒಳ್ಳೆಯ ಪಾಸುಗಳೂ ಇದ್ದವು. ಅವಕ್ಕೆ ನಾನು ಬಣ್ಣವನ್ನೇ ಇಟ್ಟಿರಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ "ಮುಂದಿನ ಸೀಸನ್ನಿಗೆ ಬೇಡ" ಎಂದು ಬರೆದು, ಫೋಟೋ ತೆಗೆದು, ಅಭಿಮಾನಿಗಳ ಪುಟದಲ್ಲಿ ಒಂದು ಸುಳ್ಳು ಹೆಸರಿನಲ್ಲಿ ಹಾಕಿದೆ.

ಅದು ಹರಡಿತು. ಎಲ್ಲೆಲ್ಲಿಯವರೋ ಮೆಚ್ಚಿದರು. ಇಷ್ಟು ಪ್ರಾಮಾಣಿಕವಾಗಿ ಯಾರೂ ಬರೆದಿರಲಿಲ್ಲ ಎಂದು ಒಬ್ಬ ಬರೆದಿದ್ದ. ಆ ಸಾಲನ್ನು ನಾನು ದಿನಕ್ಕೆ ಹತ್ತು ಸಲ ತೆಗೆದು ಓದಿಕೊಂಡೆ. ಈಗ ಬರೆಯುವಾಗಲೂ ಅದನ್ನು ನೆನೆದು ಮುಖ ಬಿಸಿಯಾಗುತ್ತದೆ.

ಅದಾಗಿ ಮೂರು ದಿನಕ್ಕೆ, ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ, ಅಕ್ಕ ಮನೆಗೆ ಬಂದಳು. ಹಾಳೆ ಮೇಜಿನ ಮೇಲೇ ಬಿದ್ದಿತ್ತು. ಮುಚ್ಚೋಣವೆಂದು ಕೈಯೆತ್ತುವಷ್ಟರಲ್ಲಿ ಅವಳು ಅದನ್ನು ನೋಡಿಬಿಟ್ಟಳು. ಅವಳಿಗೆ ಅಕ್ಷರ ಬಾರದು, ಗ್ರಾಫ್ ಬರುತ್ತದೆ. ಹುಟ್ಟಿದಾಗಿನಿಂದ ಅಲ್ಲದಿದ್ದರೂ ಮದುವೆಯಾಗಿ ಬಂದಾಗಿನಿಂದ ಮಗ್ಗಗಳ ನಡುವೆ ಇದ್ದವಳು. ಬೆರಳಿನಿಂದ ಕೆಂಪು ಚೌಕಗಳ ಮೇಲೆ ಮೆಲ್ಲಗೆ ಸವರಿಕೊಂಡು ಹೋದಳು.

"ಈ ಅಂಚು ಚೆನ್ನಾಗದೆ ಕಣಪ್ಪ. ಯಾವ ಸೀರೆಗೆ?"

ಹೊಸದು, ಇನ್ನೂ ಮುಗಿದಿಲ್ಲ ಎಂದೆ. ನಾಲಿಗೆ ಅಷ್ಟು ಸಲೀಸಾಗಿ ತಿರುಗಿತು. ಹಸಿರು ಒಡಲಿಗೆ ಈ ಕೆಂಪು ಒಪ್ಪುತ್ತದೆ, ಮಗನ ಮದುವೆಗೆ ಇಂಥದ್ದೇ ಒಂದು ನೇಯಿಸಬೇಕು, ಹಾಳೆ ಜೋಪಾನವಾಗಿಡು ಎಂದಳು. ನಾನು ಆಗಲಿ ಎಂದು ಹಾಳೆಯನ್ನು ಮಗುಚಿಟ್ಟೆ.

ಅವಳು ಬಂದದ್ದು ಬೇರೆ ವಿಷಯಕ್ಕೆ. ಕೇರಳದ ಒಂದು ತಂಡ ಮಗನನ್ನು ಎರಡು ವರ್ಷಕ್ಕೆ ಕರೆದಿತ್ತು. ಸಣ್ಣ ತಂಡ, ಆದರೆ ಪ್ರತಿ ಆಟದಲ್ಲೂ ಆಡಿಸುತ್ತೇವೆ ಎಂದಿದ್ದರಂತೆ. ಭಾನುವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಬೆಂಗಳೂರಿನ ಕರಾರು ಈ ಸೀಸನ್ನಿಗೇ ಮುಗಿಯುತ್ತದೆ, ಅವರು ಉಳಿಸಿಕೊಳ್ಳುತ್ತೇವೆ ಎಂದೂ ಹೇಳಿಲ್ಲ, ಬಿಡುತ್ತೇವೆ ಎಂದೂ ಹೇಳಿಲ್ಲ. ಬೆಂಗಳೂರಾದರೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಗನ ಮುಖ ನೋಡಿಕೊಂಡು ಬರಬಹುದು, ಹಾಗಾಗಿ ಅವಳಿಗೆ ಅವನು ಅಲ್ಲೇ ಇರಲಿ ಎಂಬ ಆಸೆ. ಆದರೆ ಆಸೆಗೆ ಬಿದ್ದು ಅವನ ದಾರಿ ಕೆಡಿಸಬಾರದಲ್ಲ ಎಂದಳು.

"ಮಾವನ್ನ ಕೇಳವ್ವ, ಅವ್ರಿಗೆ ಆಟ ಗೊತ್ತದೆ, ಅವ್ರು ಯೋಳ್ದಂಗೆ ಮಾಡ್ತೀನಿ ಅಂದವ್ನೆ. ನೀನೇ ಯೋಳಪ್ಪ. ಇಲ್ಲಿ ಮಡಿಕತಾರಾ ಅವನ್ನ?"

ಉತ್ತರ ಮಗುಚಿಟ್ಟ ಹಾಳೆಯ ಮೇಲೆ ಇತ್ತು, ನನ್ನದೇ ಕೈಬರಹದಲ್ಲಿ. ಅವನನ್ನು ಬಿಡುತ್ತಾರೆ ಎಂದು ನನಗೆ ಖಚಿತವಿತ್ತು. ಬಿಡಬೇಕು ಎಂದು ಊರಿಗೆಲ್ಲ ಸಾರಿದವನೇ ನಾನು. ಕೇರಳಕ್ಕೆ ಕಳಿಸಕ್ಕ ಎಂದರೆ ಸಾಕಿತ್ತು, ಎರಡು ಪದ. ಆದರೆ ಏಕೆ ಎಂದು ಅವಳು ಕೇಳಿದರೆ ಅವನ ಆಟ ಕೆಟ್ಟಿದೆ ಎನ್ನಬೇಕಾಗುತ್ತಿತ್ತು. ಅಷ್ಟು ನೆಟ್ಟಗೆ ಮಾತಾಡಿದರೆ ಆ ಪುಟದಲ್ಲಿ ಬರೆದವನು ನಾನೇ ಎಂದು ಹೇಗೋ ಗೊತ್ತಾಗಿಬಿಡುತ್ತದೆ ಎಂಬ ಹುಚ್ಚು ಅಂಜಿಕೆ ಹಿಡಿಯಿತು. ಅವಳು ಆಗತಾನೇ ಆ ಚೌಕಗಳನ್ನು ಸವರಿ ಮೆಚ್ಚಿದ್ದಳು.

"ಮಡಿಕತಾರೆ ಕಣಕ್ಕ. ಅಂಥೋನ್ನ ಯಾರು ಬುಡ್ತಾರೆ?" ಎಂದೆ.

ಅವಳ ಮುಖ ಅರಳಿತು. ಆ ಅರಳುವಿಕೆಯನ್ನು ನೋಡಿಯೂ ನಾನು ಮಾತು ಹಿಂತೆಗೆದುಕೊಳ್ಳಲಿಲ್ಲ. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಮೂರು ಮನೆ ದಾಟಿದರೆ ಅವಳ ರಾಟೆಯ ಸದ್ದು ಕೇಳುತ್ತಿತ್ತು. ನಾನು ಆ ಮೂರು ದಿನ ಅವಳ ಮನೆ ತಪ್ಪಿಸಿ, ಬೀದಿಯ ಇನ್ನೊಂದು ತುದಿಯಿಂದ ಸುತ್ತಿಕೊಂಡು ಅಂಗಡಿಗೆ ಹೋದೆ.

ತಂಡ ಫೈನಲ್ ತಲುಪಿ ಸೋತಿತು. ಆ ಆಟದಲ್ಲಿ ಅವನನ್ನು ಇಳಿಸಲೇ ಇಲ್ಲ. ಎರಡನೆಯ ಸ್ಥಾನವೆಂದರೆ ಸಾಮಾನ್ಯವೇ ಎಂದು ಅಂಗಡಿಯಲ್ಲಿ ಎಲ್ಲರಿಗೂ ಆ ದಿನ ಮೇಷ್ಟ್ರೇ ಟೀ ಕುಡಿಸಿದರು. ಕೆಲವೇ ವಾರಗಳಲ್ಲಿ ತಂಡದವರು ತಾವು ಕೈಬಿಟ್ಟ ಆಟಗಾರರ ಪಟ್ಟಿ ಹಾಕಿದರು. ಅವನ ಹೆಸರು ಮೂರನೆಯದು. ಅಷ್ಟರಲ್ಲಿ ಕೇರಳದವರು ಬೇರೆ ಒಬ್ಬನನ್ನು ತೆಗೆದುಕೊಂಡಾಗಿತ್ತು. ಪಟ್ಟಿ ಬಂದ ದಿನ ಅಭಿಮಾನಿಗಳ ಪುಟದಲ್ಲಿ ನನ್ನ ಹಾಳೆಯನ್ನು ಮತ್ತೆ ಹಾಕಿ, ಇವರು ಮೊದಲೇ ಹೇಳಿದ್ದರು ಎಂದು ಹೊಗಳಿದ್ದರು. ನಾನು ಆ ಖಾತೆಯನ್ನು ಅಳಿಸಿಹಾಕಿದೆ. ಅಳಿಸಿದ್ದು ಪಶ್ಚಾತ್ತಾಪದಿಂದಲ್ಲ, ಭಯದಿಂದ. ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅವನು ಊರಿಗೆ ಬಂದ ಎರಡನೆಯ ದಿನ ಅಕ್ಕ ನನ್ನನ್ನು ಊಟಕ್ಕೆ ಕರೆದಳು. ಹೋಗದಿರಲು ನೆಪ ಸಿಗಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ಅವನು ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ, ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಒಬ್ಬನೇ ಓಡುತ್ತೇನೆ, ಎಲ್ಲಾದರೂ ಕರೆ ಬರುತ್ತದೆ ಎಂದು ಸಮಾಧಾನದಿಂದಲೇ ಹೇಳಿದ. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನೀನು ಒಳ್ಳೆಯದನ್ನೇ ಹೇಳಿದೆ, ತಂಡದವರ ಮನಸ್ಸು ಹಾಗಿತ್ತು, ನೀನೇನು ಮಾಡುತ್ತೀಯ ಎಂದು ನನ್ನನ್ನೇ ಸಂತೈಸಿದಳು. ಆಮೇಲೆ ಅವಳಿಗೆ ಆ ಅಂಚು ನೆನಪಾಯಿತು.

"ಆ ಕೆಂಪಂಚು ಮುಗೀತೇನಪ್ಪ? ಎಡಗಡೆ ಮೆಟ್ಲು ಮೆಟ್ಲಾಗಿ ಬಂದಿತ್ತಲ್ಲ, ಅದು."

ಪಕ್ಕದಲ್ಲಿ ಅವನ ಕೈ ತಟ್ಟೆಯಲ್ಲಿ ನಿಂತದ್ದು ಕಾಣಿಸಿತು. ನನಗಿಂತ ಮೊದಲು ಅವನೇ ಉತ್ತರ ಕೊಟ್ಟ.

"ಅದನ್ನ ನೇಯಲ್ವಂತೆ ಕಣವ್ವ. ಇನ್ನೊಂಚೂರು ಸಾರು ತಕಂಡ್ಬಾ."

ಅವಳು ಒಳಗೆ ಹೋದಳು. ಅವನು ದನಿ ಏರಿಸಲಿಲ್ಲ. ಆ ಫೋಟೋ ತಂಡದಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತಂತೆ. ನೋಡಿದ ಕೂಡಲೇ ಗೊತ್ತಾಯಿತಂತೆ. ಆಟದ ತಪ್ಪನ್ನು ಸೀರೆಯ ಗ್ರಾಫಿನಲ್ಲಿ ಬರೆಯುವವರು ನಮ್ಮೂರಲ್ಲಿ ಬಿಟ್ಟರೆ ಇನ್ನೆಲ್ಲಿದ್ದಾರೆ, ನಮ್ಮೂರಲ್ಲೂ ಆಟ ನೋಡುವ ಡಿಸೈನಿನವರು ಇನ್ಯಾರಿದ್ದಾರೆ ಎಂದ. ಕೆಂಪು ಚೌಕಗಳನ್ನು ಒಂದೊಂದಾಗಿ ಎಣಿಸಿದ್ದನಂತೆ. ಎರಡು ಅವನವಲ್ಲ, ಅವನ ಜಾಗಕ್ಕೆ ಬದಲಿಯಾಗಿ ಇಳಿದವನವು. ಮಿಕ್ಕವೆಲ್ಲ ತನ್ನವೇ ಎಂದು ಒಪ್ಪಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಆ ಹಾಳೆ ನೋಡುದ್ ಮೇಲೇಯ ಅವ್ವಂಗೆ ನಿಮ್ಮನ್ನ ಕೇಳು ಅಂದಿದ್ದು ಮಾವ. ಇಷ್ಟು ಕೂತು ಎಣ್ಸಿರೋರು ಸುಳ್ಳು ಯೋಳಲ್ಲ ಅನ್ಕಂಡೆ. ನೀವು ಮಡಿಕತಾರೆ ಅಂದ್ರಿ ಅಂತ ಅವ್ವ ಫೋನ್ ಮಾಡುದ್ಲು. ಓ, ಮಾವ ಮನಸ್ ಬದಲಾಯ್ಸವ್ರೆ, ನನ್ನಾಟ ಈಗ ಚೆನ್ನಾಗದೆ ಅಂತ ಕೇರಳದೋರಿಗೆ ಬರಲ್ಲ ಅಂದ್ಬುಟ್ಟೆ."

ಅಷ್ಟರಲ್ಲಿ ಅಕ್ಕ ಸಾರಿನ ಪಾತ್ರೆ ಹಿಡಿದು ಬಂದಳು. ನನ್ನ ತಟ್ಟೆಯಲ್ಲಿ ಮುದ್ದೆ ಹಾಗೇ ಇರುವುದನ್ನು ನೋಡಿ, ಖಾರ ಆಯಿತೇನೋ ಎಂದುಕೊಂಡು, ನನಗೆ ಒಂದು ಚಮಚ ತುಪ್ಪ ಬಡಿಸಿದಳು.