ಗಾಜಿನ ವೈರು, ಭಾನುವಾರದ ಒಂದು ಗಂಟೆ

ಭಾನುವಾರ ಸಂಜೆ ಐದರಿಂದ ಆರರವರೆಗಿನ ಒಂದು ಗಂಟೆ ನನ್ನದು. ನಾನೂ ನನ್ನ ಹೆಂಡತಿಯೂ ಬೇರೆಯಾದಾಗ ಹಾಗೆಂದು ಮಾತಾಗಿತ್ತು. ಮಗಳು ತಾಯಿಯ ಜೊತೆ ಹುಬ್ಬಳ್ಳಿಯಲ್ಲಿ ಇರುವುದು, ಬೇಸಿಗೆ ರಜೆಯಲ್ಲಿ ಒಂದು ವಾರ ನನ್ನ ಬಳಿ ಬರುವುದು, ಉಳಿದಂತೆ ವಾರಕ್ಕೊಮ್ಮೆ ಒಂದು ಗಂಟೆ ವೀಡಿಯೊ ಕರೆ. ಆಗ ಅವಳಿಗೆ ಏಳು ವರ್ಷ, ಈಗ ಹತ್ತು. ಒಂದು ಗಂಟೆ ಧಾರಾಳವಾಯಿತು ಎಂದು ಆ ದಿನದ ದಿನಚರಿಯಲ್ಲಿ ಬರೆದಿದ್ದೇನೆ. ಅಕ್ಷರ ನನ್ನದೇ. ಹಾಗೆ ಅನ್ನಿಸಿದ್ದು ಮಾತ್ರ ನೆನಪಿಲ್ಲ.

ನಾನಿರುವುದು ಕುಮಟೆಯ ಹತ್ತಿರ ಬಾಡದಲ್ಲಿ. ಹೊನ್ನಾವರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಾಡಿಗೆ ಮನೆ ಸಣ್ಣದು, ಗೋಡೆಗಳು ಚಿರೇಕಲ್ಲಿನವು, ಒಂದು ಮೊಳ ದಪ್ಪ. ಹಳೆಯ ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದ ಇಂಟರ್ನೆಟ್ ಜಗಲಿಯ ಮೋಡೆಮ್ಮಿನವರೆಗೆ ಬಂದು, ಅಲ್ಲಿಂದ ಒಳಕೋಣೆಗೆ ಬರಲು ಮನಸ್ಸಿಲ್ಲದೆ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ನಾನು ಜಗಲಿಯಲ್ಲೇ ಕುರ್ಚಿ ಹಾಕಿಕೊಂಡು ಮಗಳ ಜೊತೆ ಮಾತಾಡುತ್ತಿದ್ದೆ. ಹಾಗಿದ್ದರೂ ಕರೆ ಕಡಿದುಹೋಗುತ್ತಿತ್ತು. ಕಡಿದ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಕಂಪನಿಗೆ ದೂರು ಕೊಡಲು. ೫.೩೨, ೫.೪೧, ೫.೨೯.

ಗುಡುಗಿನ ಕಾಟ ಬೇರೆ. ನಮ್ಮ ಕಡೆ ಮಳೆ ಹಿಡಿಯುವ ಮೊದಲೂ ಬಿಡುವ ಹೊತ್ತಿಗೂ ಸಿಡಿಲು ಜಾಸ್ತಿ. ದೂರದಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಕೇರಿಯ ಎಲ್ಲ ಮನೆಗಳಲ್ಲೂ ಟಿವಿ, ಫೋನು, ಮೋಡೆಮ್ಮುಗಳ ವೈರು ಕೀಳುವ ಗಡಿಬಿಡಿ. ನನ್ನ ಮನೆಯ ಯಜಮಾನಿ ಪಕ್ಕದಲ್ಲೇ ಇರುತ್ತಾರೆ. ಅವರ ಗಂಡ ಬೋಟಿಗೆ ಹೋಗುವವರು, ಅವರು ಕುಮಟೆಯ ಪೇಟೆಯಲ್ಲಿ ಮೀನು ಮಾರುವವರು. ಪ್ರತಿ ಗುಡುಗಿಗೂ ಪಾಗಾರದ ಗೋಡೆಯ ಆಚೆಯಿಂದ ಅವರ ದನಿ ಬರುತ್ತಿತ್ತು.

"ಮಾಸ್ತರ್ರೇ, ವೈರ್ ಕಿತ್ರಾ?"

"ಕಿತ್ತೆ."

"ಟಿವೀದು?"

"ನನ್ನ ಹತ್ರ ಟಿವಿ ಇಲ್ವಲ್ಲ ಅಮ್ಮಾ."

"ಎಂತ ಮನೆಯೋ ನಿಮ್ದು," ಎಂದು ಒಳಗೆ ಹೋಗುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಸಿಡಿಲು ಬಡಿದ ದಿನ ಅವರು ಪೇಟೆಯಲ್ಲಿದ್ದರು, ನಾನು ಕಾಲೇಜಿನಲ್ಲಿದ್ದೆ. ಬಂದು ನೋಡಿದರೆ ಮೋಡೆಮ್ಮಿನ ದೀಪಗಳೆಲ್ಲ ಆರಿದ್ದವು, ಸುಟ್ಟ ವಾಸನೆ. ಮಳೆಗಾಲ ಪೂರ್ತಿ ಮೊಬೈಲಿನ ಡೇಟಾ ನೆಚ್ಚಿಕೊಂಡೆ. ಕರೆಂಟು ಹೋದರೆ ಟವರೂ ಹೋಗುತ್ತಿತ್ತು. ಒಂದು ಭಾನುವಾರ ಒಟ್ಟು ಹನ್ನೊಂದು ನಿಮಿಷ ಮಾತಾಯಿತು. ಆ ಒಂದು ಗಂಟೆ ಹೀಗೆ ಸವೆದು ಹೋಗುತ್ತಿರುವುದನ್ನು ನೋಡಿಕೊಂಡು ಕೂರಲಾಗಲಿಲ್ಲ. ಫೈಬರ್ ಹಾಕಿಸುವುದೆಂದು ಗಟ್ಟಿ ಮಾಡಿದೆ.

ಒಳ್ಳೆಯ ರೂಟರ್ ಬೇಕಾದರೆ ಭಟ್ಕಳಕ್ಕೆ ಹೋಗು ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅಲ್ಲಿನ ಅಂಗಡಿಯವರು ಬಿಳಿ ಗಡ್ಡದ ವೃದ್ಧರು. ಫೋನಿನಲ್ಲಿ ನವಾಯತಿ ಭಾಷೆಯಲ್ಲಿ ಯಾರನ್ನೋ ಗದರಿಸುತ್ತಿದ್ದವರು ನನ್ನನ್ನು ಕಂಡು ಕನ್ನಡಕ್ಕೆ ಬಂದರು. ನಾನು ಇಂಟರ್ನೆಟ್ಟಿನಲ್ಲಿ ಓದಿಕೊಂಡು ಹೋಗಿದ್ದೆ. ಎಂಟು ಆಂಟೆನಾದ ದೊಡ್ಡ ರೂಟರನ್ನು ತೋರಿಸಿ ಅದು ಬೇಕೆಂದೆ. ಡಬ್ಬಿಯ ಮೇಲೆ ಸೋಫಾದಲ್ಲಿ ಕೂತ ಅಪ್ಪ, ಅಮ್ಮ, ಇಬ್ಬರು ಮಕ್ಕಳ ಚಿತ್ರವಿತ್ತು.

"ಮನೆ ಎಷ್ಟು ದೊಡ್ಡದು ಸಾರ್?"

"ಎರಡು ಕೋಣೆ, ಒಂದು ಜಗಲಿ."

"ಎಷ್ಟು ಜನ?"

"ಒಬ್ಬನೇ."

ಅವರು ಡಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮತ್ತೆ ಮೇಲಿಟ್ಟರು. "ಕೊಂಬು ಹೆಚ್ಚಿದ್ರೆ ಎಮ್ಮೆ ಹಾಲು ಜಾಸ್ತಿ ಕೊಡ್ತದಾ? ಇದು ಇಪ್ಪತ್ತು ಮೊಬೈಲ್ ಇರೋ ಮನೆಗೆ. ನಿಮ್ಗೆ ಎಂತಕ್ಕೆ?" ಎಂದು ಎರಡು ಕೊಂಬಿನ ಒಂದು ಸಾದಾ ರೂಟರ್ ಕೊಟ್ಟರು. ಕರೆಂಟು ಹೋದಾಗ ಅದನ್ನು ನಡೆಸುವ ಅಂಗೈಯಗಲದ ಬ್ಯಾಟರಿಯೊಂದನ್ನೂ ಕೊಟ್ಟು, "ರೂಟರ್‌ಗಿಂತ ಇದು ಮುಖ್ಯ, ತಿಳ್ಕೊಳ್ಳಿ" ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅದರ ಮೇಲೆ ಯಾರ ಚಿತ್ರವೂ ಇರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಕುಮಟೆಯಿಂದ ಲೈನಿನವರು ಬಂದರು. ನಡುವಯಸ್ಸಿನ, ತಾಳ್ಮೆಯ ಮನುಷ್ಯ. ತೆಂಗಿನ ಮರದಿಂದ ಮರಕ್ಕೆ ಕಪ್ಪು ಕೇಬಲ್ ಕಟ್ಟಿಕೊಂಡು ಮನೆಯವರೆಗೆ ತಂದರು. ಕಂಪನಿಯ ಮೋಡೆಮ್ಮನ್ನೂ ನನ್ನ ರೂಟರನ್ನೂ ಎದುರಿಗಿಟ್ಟುಕೊಂಡು, "ಇದು ಬಾವಿಯ ಪಂಪು, ಇದು ಮನೆಯ ನಳ" ಎಂದರು. "ನಳ ಎಷ್ಟು ಚೆಂದದ್ದು ಹಾಕಿದ್ರೂ ಪಂಪು ಎತ್ತಿದಷ್ಟೇ ನೀರು. ಆದ್ರೆ ನಳ ಇಡೂ ಜಾಗ ಸರಿ ಇರ್ಬೇಕು. ಚಿರೇಕಲ್ಲಿನ ಗೋಡೆ ದಾಟೂದು ಸುಲಭ ಅಲ್ಲ." ರೂಟರನ್ನು ಒಳಕೋಣೆಯಲ್ಲಿ, ನಾನು ಕೂರುವ ಮೇಜಿನ ಎದುರಿನ ಗೋಡೆಗೇ ಹಾಕಿದರು.

"ಗುಡುಗು ಬಂದ್ರೆ ವೈರ್ ಕೀಳ್ಬೇಕಾ?"

"ಒಳಗೆ ಇರೂದು ಗಾಜು. ಅದ್ರಲ್ಲಿ ಬರೂದು ಬೆಳಕು. ಗಾಜಿಗೆ ಎಂತ ಸಿಡಿಲು ಮಾರಾಯ್ರೆ? ಬೇಕಾದ್ರೆ ಕರೆಂಟಿನ ಪಿನ್ ತೆಗೀರಿ, ಬ್ಯಾಟರಿ ಮೇಲೆ ನಡೀತದೆ."

ಹೋಗುವ ಮೊದಲು ನನ್ನ ಲ್ಯಾಪ್‌ಟಾಪಿನಲ್ಲಿ ರೂಟರಿನ ಒಂದು ಪುಟ ತೆರೆದು ತೋರಿಸಿದರು. ಲೈನು ಯಾವಾಗ ಹೋಯಿತು, ಯಾವಾಗ ಬಂತು ಎಂದು ನಿಮಿಷ ಸೆಕೆಂಡುಗಳ ಲೆಕ್ಕದಲ್ಲಿ ಅದೇ ಬರೆದುಕೊಳ್ಳುತ್ತದೆ. "ಕಡಿತು ಅಂತ ಫೋನ್ ಮಾಡೂ ಮೊದ್ಲು ಇದನ್ನೊಮ್ಮೆ ನೋಡಿ." ನನಗಿಂತ ನಂಬಿಗಸ್ತ ದಿನಚರಿ ಮನೆಗೆ ಬಂತು ಎಂದು ಅಂದು ಬರೆದಿದ್ದೇನೆ. ತಮಾಷೆಗೆ ಬರೆದದ್ದಿರಬೇಕು.

ಅಕ್ಟೋಬರಿನ ಮೊದಲ ಗುಡುಗಿಗೆ ಯಜಮಾನಿಯ ದನಿ ಬಂತು. ಇನ್ನು ಕೀಳಬೇಕಾಗಿಲ್ಲ, ಇದು ಗಾಜಿನ ವೈರು ಎಂದು ವಿವರಿಸಿದೆ. ಅವರು ಪಾಗಾರದ ಮೇಲೆ ಕೈಯಿಟ್ಟು ನಿಂತರು. "ಆತು, ನಂಗೆ ಒಂದು ಚಿಂತೆ ಕಮ್ಮಿ ಆತು." ಆಮೇಲೆ ಗುಡುಗಿದಾಗ ಯಾರೂ ಕರೆಯಲಿಲ್ಲ. ನಾನು ಪಿನ್ನು ತೆಗೆದು, ಬ್ಯಾಟರಿಯ ಮೇಲೆ ಉರಿಯುವ ಹಸಿರು ದೀಪ ನೋಡುತ್ತ ಕೂರುತ್ತಿದ್ದೆ.

ಫೈಬರ್ ಬಂದ ಮೊದಲ ಭಾನುವಾರ ಮಗಳ ಮುಖ ಎಷ್ಟು ಸ್ಪಷ್ಟವಾಗಿತ್ತೆಂದರೆ, ಕೆನ್ನೆಯ ಮೇಲಿನ ಸೊಳ್ಳೆ ಕಚ್ಚಿದ ಗುರುತೂ ಕಾಣುತ್ತಿತ್ತು. ಅವಳಿಗೆ ರೂಟರ್ ತೋರಿಸಿದೆ. ಗಾಜು, ಬೆಳಕು ಎಲ್ಲ ಹೇಳಿದೆ.

"ಸಿಡಿಲು ಬಂದ್ರೆ?"

"ಗಾಜಿಗೆ ಸಿಡಿಲಿಲ್ಲ. ನೀನು ಸಣ್ಣವಳಿದ್ದಾಗ ಗುಡುಗಿದ ಕೂಡಲೇ ಓಡಿ ಬಂದು ವೈರ್ ಕೀಳ್ತಿದ್ದೆ, ನೆನಪಿದೆಯಾ?"

"ನಾನಲ್ಲ ಅಪ್ಪ, ಅಮ್ಮ. ನಂಗೆ ಮುಟ್ಲಿಕ್ಕೇ ಬಿಡ್ತಿರ್ಲಿಲ್ಲ."

ನನ್ನ ಕಣ್ಣಿಗೆ ಕಟ್ಟಿದ್ದು ಹಳದಿ ಫ್ರಾಕಿನ ಪುಟ್ಟ ಹುಡುಗಿ ಓಡಿ ಬರುವುದು. ಅಲ್ಲಿ ಇನ್ನೊಬ್ಬರು ಇದ್ದರೆಂಬುದನ್ನು ನಾನು ಯಾವಾಗ ಅಳಿಸಿದೆನೋ ಗೊತ್ತಿಲ್ಲ. ಶಾಲೆಯ ಬಗ್ಗೆ ಕೇಳಿದೆ. ಅವಳು ಹೂಂ ಎಂದಳು, ಊಹೂಂ ಎಂದಳು, ಒಂದೆರಡು ಸಲ ಪಕ್ಕಕ್ಕೆ ನೋಡಿದಳು. ಆಮೇಲೆ ಮಾತಿನ ನಡುವೆ ಅವಳ ಮುಖ ನಿಂತುಹೋಯಿತು. ಬಾಯಿ ಅರ್ಧ ತೆರೆದಿತ್ತು, ಕಣ್ಣು ಮಿಟುಕಲಿಲ್ಲ. ನಾನು ಹಳೆಯ ಅಭ್ಯಾಸದಂತೆ "ಹಲೋ, ಹಲೋ" ಎಂದೆ. ಆಗ ಕಂಡಿತು: ಅವಳ ತಲೆಯ ಹಿಂದೆ, ಮೇಲೆ, ಫ್ಯಾನು ತಿರುಗುತ್ತಿತ್ತು.

ಕರೆ ಕಡಿಯಿತು. ಗಂಟೆ ಐದು ಮೂವತ್ತಾರು.

ರೂಟರಿನ ಪುಟ ತೆರೆದೆ. ಬೆಳಗಿನಿಂದ ಲೈನು ಒಮ್ಮೆಯೂ ಹೋಗಿರಲಿಲ್ಲ. ಮತ್ತೆ ಕರೆ ಮಾಡಲಿಲ್ಲ. ಹಳೆಯ ನೋಟ್‌ಬುಕ್ ತೆಗೆದೆ. ಮೂರು ವರ್ಷದ ಕಡಿತಗಳು. ಹೆಚ್ಚಿನವು ಐದೂವರೆಯ ಆಸುಪಾಸಿನವು. ಇಷ್ಟು ಸಲ ಬರೆದೂ ನಾನು ಅದನ್ನು ಗಮನಿಸಿರಲಿಲ್ಲ. ಗಮನಿಸಿಯೂ ಬಿಟ್ಟಿದ್ದೆನೇ? ಅವುಗಳಲ್ಲಿ ನಿಜವಾಗಿ ಲೈನು ಹೋದದ್ದೂ ಇರಬೇಕು, ಗುಡುಗಿನದೂ ಇರಬೇಕು. ಯಾವುದು ಸಿಡಿಲಿನದು, ಯಾವುದು ಅವಳದು ಎಂದು ಈಗ ಬೇರ್ಪಡಿಸಲಾರೆ. ಒಂದು ಬೆಳಿಗ್ಗೆ ಕಂಪನಿಯ ಹುಡುಗಿಯೊಬ್ಬಳನ್ನು ಫೋನಿನಲ್ಲಿ ಬೈದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಮುಂದಿನ ಭಾನುವಾರವೂ ಹಾಗೇ ಆಯಿತು, ಅದರ ಮುಂದಿನದೂ. ಮುಖ ನಿಲ್ಲುವುದು, ಫ್ಯಾನು ತಿರುಗುವುದು. ಕೇಳಿದರೆ ಅವಳು ಸುಳ್ಳುಗಾತಿಯಾಗುತ್ತಾಳೆ, ಕೇಳದಿದ್ದರೆ ನಾನು. ಕಣ್ಣು ಮಿಟುಕಿಸದೆ ಅಷ್ಟು ಹೊತ್ತು ಕೂರಲು ಹತ್ತು ವರ್ಷದ ಹುಡುಗಿ ಪಡುವ ಕಷ್ಟ ನೋಡಲಾಗುತ್ತಿರಲಿಲ್ಲ. ಆ ಕೆಲಸವನ್ನು ನಾನೇ ವಹಿಸಿಕೊಳ್ಳೋಣ ಎಂದುಕೊಂಡೆ. ನಾಲ್ಕನೆಯ ವಾರ ಐದೂವರೆಗೆ ಸರಿಯಾಗಿ, "ಮಗಾ, ಇಲ್ಲಿ ಗುಡುಗು ಶುರುವಾಯ್ತು, ವೈರ್ ತೆಗೀಬೇಕು" ಎಂದೆ. "ಆತು ಅಪ್ಪ," ಎಂದಳು. ಅವಳ ಭುಜ ಇಳಿದದ್ದು ಕಂಡಿತು. ಹೀಗೆ ನವೆಂಬರ್ ಪೂರ್ತಿ ನಾನು ಗುಡುಗು ತರಿಸಿದೆ.

ಡಿಸೆಂಬರಿನ ಎರಡನೆಯ ಭಾನುವಾರ ಅದೇ ಮಾತು ಹೇಳಿದಾಗ ಅವಳು ನಕ್ಕಳು.

"ಅಪ್ಪ, ಡಿಸೆಂಬರಲ್ಲಿ ಗುಡುಗಾ?"

ನಾನು ರೂಟರಿನ ಪಿನ್ನಿನ ಕಡೆ ಕೈ ಚಾಚಿದೆ.

"ಗಾಜಿಗೆ ಸಿಡಿಲಿಲ್ಲ ಅಂತ ನೀನೇ ಹೇಳಿದ್ದೆ. ನಿನ್ನ ಹಿಂದಿನ ಕಿಟಕಿಯಲ್ಲಿ ಬಿಸಿಲು ಕಾಣ್ತಾ ಇದೆ."

"ನಿನ್ನ ಹಿಂದೆ ಫ್ಯಾನ್ ತಿರುಗ್ತದೆ," ಎಂದೆ.

ಅವಳು ತಿರುಗಿ ಮೇಲೆ ನೋಡಿದಳು. ಈ ಕಡೆ ತಿರುಗಿದಾಗ ನಗು ಇರಲಿಲ್ಲ. "ಐದೂವರೆಗೆ ಎಲ್ಲರೂ ಕೆಳಗೆ ಶಟಲ್ ಆಡ್ತಾರೆ," ಎಂದಳು. "ಹೋಗ್ತೆ ಅಂದ್ರೆ ನಿಂಗೆ ಬೇಜಾರಾಗ್ತದೆ ಅಂತ."

"ಆಗ್ತದೆ," ಎಂದೆ. ಹಾಗೆ ಹೇಳುವವನಿದ್ದೆನೋ ಇಲ್ಲವೋ, ಬಾಯಿಂದ ಬಂದುಬಿಟ್ಟಿತು. "ಆದ್ರೂ ಹೋಗು. ಮುಂದಿನ ವಾರ ಯಾರು ಗೆದ್ದರು ಅಂತ ಹೇಳು."

"ಹೂಂ," ಎನ್ನುತ್ತಲೇ ಎದ್ದು ಓಡಿದಳು. ಕರೆ ಮುಗಿಸುವುದನ್ನು ಮರೆತಿದ್ದಳು. ತೆರೆಯ ಮೇಲೆ ಖಾಲಿ ಕುರ್ಚಿ, ನೀಲಿ ಪರದೆ, ತಿರುಗುವ ಫ್ಯಾನು. ಎಲ್ಲವೂ ಬಹಳ ಸ್ಪಷ್ಟವಾಗಿದ್ದವು. ಸ್ವಲ್ಪ ಹೊತ್ತಿಗೆ ಕೆಳಗಿನ ಅಂಗಳದಿಂದ ಮಕ್ಕಳ ಗಲಾಟೆ ಸಣ್ಣಗೆ ಕೇಳಿಸತೊಡಗಿತು. ಅದರಲ್ಲಿ ಅವಳ ದನಿ ಯಾವುದೆಂದು ಹುಡುಕುತ್ತ ಕೂತೆ. ಒಂದು ಸಲ ಸಿಕ್ಕಿತೆಂದು ತೋರಿತು, ಖಚಿತವಿಲ್ಲ.

ಆರು ಗಂಟೆಗೆ ನಾನೇ ಕರೆ ಮುಗಿಸಿದೆ.